ಕೋಟುಕೋಣೆಯ ಪ್ರಮಾಣಪತ್ರ

ಒಂದೇ ಪದ ಬಾಕಿ. ಉಳಿದದ್ದೆಲ್ಲ ಸ್ಪ್ಯಾನಿಷ್ ಆಗಿದೆ:
ಹೆಸರು ಒದಾರ್ಕಾ ಹ್ನಾತ್ಯುಕ್,
ಕೀವ್ ನಗರದಲ್ಲಿ ಇಪ್ಪತ್ತಾರು ವರ್ಷ
ಕೋಟು ಇಸಿದುಕೊಂಡು ಬಿಲ್ಲೆ ಕೊಡುವ ಕೆಲಸ.
ಎಲ್ಲಿ?
ಅಲ್ಲಿಗೆ ಬಂದು ನಿಂತಿದೆ ಪೆನ್ನು.

ಕೊಮೊದೊರೋ ರಿವದಾವಿಯಾದಲ್ಲಿ ಇವತ್ತೂ ಗಾಳಿ,
ಸಾಲ ವಸೂಲಿಗೆ ಬಂದವರ ಹಾಗೆ
ಕಿಟಕಿಗೆ ಮರಳು ಎರಚುತ್ತಿದೆ.
ಒದಾರ್ಕಾ ಎದುರಿಗೆ, ಕೈಚೀಲ ಮಡಿಲಲ್ಲಿ.
ನನ್ನ ಹಳೇ ಹೀಟರಿನ ಮೇಲೆ ಅವಳಿಗೆ ನಂಬಿಕೆಯಿಲ್ಲ.

ಕೊರ್ತೆಸ್ ಅನ್ನಲೇ? ಅದು ಮ್ಯಾಡ್ರಿಡ್ಡಿನವರ ಸೊತ್ತು,
ಅರಸರ ಕಾಲದ ಜಮಖಾನೆಯ ವಾಸನೆ ಇನ್ನೂ ಹೋಗಿಲ್ಲ.
ನಮ್ಮಲ್ಲಿ ಕೊರ್ತೆ ಅಂದರೆ ಕರೆಂಟು ಹೋಗುವುದು,
ಟೈರು ಸುಟ್ಟು ರಸ್ತೆಗೆ ಅಡ್ಡ ನಿಲ್ಲುವುದು.
ಕೊನೆಯಲ್ಲಿ ಒತ್ತಿ ನುಡಿದರೆ ಮರ್ಯಾದಸ್ಥ ಎಂದರ್ಥ;
ಅಲ್ಲಿ ಒಳಗಿದ್ದವರು ಒಮ್ಮೊಮ್ಮೆ
ಕೊರಳಪಟ್ಟಿ ಹಿಡಿದೇ ಮಾತಾಡುತ್ತಿದ್ದರಂತೆ,
ಒದಾರ್ಕಾ ಗುಂಡಿ ಹೊಲಿದು ಕೊಟ್ಟಿದ್ದಾಳೆ.

ಕೊಂಗ್ರೆಸೊ? ನಮ್ಮದೇ ಮನೆಯ ಪದ. ಆದರೆ ಹಲ್ಲಿನ ಡಾಕ್ಟರುಗಳೂ
ವರ್ಷಕ್ಕೊಮ್ಮೆ ಅದನ್ನೇ ನಡೆಸುತ್ತಾರೆ, ಊಟದ ಕೂಪನ್ ಸಮೇತ.
ಅಸಂಬ್ಲೇಯಾ? ಕಳೆದ ವಾರ ನಮ್ಮ ಕಟ್ಟಡದ್ದು ನಡೆಯಿತು,
ನೀರಿನ ಟ್ಯಾಂಕಿನ ವಿಷಯ, ಇಬ್ಬರು ಮಾತು ಬಿಟ್ಟರು.
ಕಾಮರಾ?
ಆ ಪದವನ್ನು ಮೂಲೆಯ ಪಂಕ್ಚರ್ ಅಂಗಡಿಯವನು
ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ಎಣಿಸುತ್ತಾನೆ.
ಜಪಾನಿನದಕ್ಕೆ ದಿಯೇತಾ ಅನ್ನುತ್ತೇವೆ, ಪಥ್ಯಕ್ಕೂ ಅದೇ;
ನಮ್ಮ ಶಾಸಕರ ಸಂಬಳಕ್ಕೂ ಅದೇ ಹೆಸರು.
ಪಥ್ಯ ಹಿಡಿದ ಶಾಸಕನನ್ನು ನಾನಂತೂ ಕಂಡಿಲ್ಲ.

ಪಾರ್ಲಮೆಂತೊ ಸರಿಹೋಗುತ್ತದೆ. ನಿಘಂಟೂ ತಲೆಯಾಡಿಸುತ್ತದೆ.
ಬರೆದು ಓದಿ ಹೇಳಿದೆ.
ಇಲ್ಲಿನ ಹವ್ಯಾಸಿ ನಾಟಕ ತಂಡಕ್ಕೆ ಉಡುಪು ಹೊಲಿಯುತ್ತಾಳೆ ಒದಾರ್ಕಾ:
'ಪಾರ್ಲಮೆಂತೊ ಅಂದರೆ ನಟರು ಬಾಯಿಪಾಠ ಮಾಡುವ ಮಾತಲ್ಲವೇ?'
'ಅದೂ ಹೌದು.'
'ಹಾಗಾದರೆ ಇರಲಿ' ಎಂದು ನಕ್ಕಳು,
ಆಮೇಲೆ ನಗಲಿಲ್ಲ.

ಮೂಲದಲ್ಲಿ ಇರುವುದು ರಾದಾ.
ಸಭೆ; ಕೂತು ಆಲೋಚಿಸುವುದು; ಬುದ್ಧಿಮಾತು.
ಈ ಊರಲ್ಲಿ ಆ ಪದ ಬಸ್ಸಿನ ಹಣೆಯ ಮೇಲೆ ಓಡಾಡುತ್ತದೆ:
ರಾದಾ ತಿಲ್ಲಿ, ಕಡೇ ಸ್ಟಾಪು.
ಹಡಗು ಲಂಗರು ಇಳಿಸುವಷ್ಟು ಆಸರೆ ಕೊಡುವ ಕಡಲಿಗೆ
ನಮ್ಮಲ್ಲಿ ರಾದಾ.

ಬಂದ ಮೊದಲ ವಾರ ಆ ಬೋರ್ಡು ಓದಿ ಬಸ್ಸು ಹತ್ತಿದಳಂತೆ,
ಇದೇ ಪ್ರಮಾಣಪತ್ರ, ಮೂಲಪ್ರತಿ, ಪ್ಲಾಸ್ಟಿಕ್ ಹಾಳೆಯೊಳಗೆ.
'ಇಷ್ಟು ಸಣ್ಣ ಊರಿಗೂ ಒಂದು ಇದೆಯಲ್ಲ,
ಕೋಟು ನೋಡಿಕೊಳ್ಳುವವರು ಬೇಕಾದೀತು ಅಂದುಕೊಂಡೆ.'
ಇಳಿದರೆ ಬರೀ ಕಡಲು,
ಅದೂ ಬಹಳ ಹಿಂದಕ್ಕೆ ಸರಿದು ಕೂತಿತ್ತು.
ಬಾಗಿಲಿಲ್ಲ, ಕಾವಲಿಲ್ಲ. ಒದ್ದೆ ಮರಳಿನಲ್ಲಿ
ಯಾರೋ ಹುಡುಗ ಜಾಕೆಟ್ಟು ಬಿಚ್ಚಿ
ಕೇಳದೆಯೇ ಇವಳ ಕೈಗಿತ್ತು
ಚೆಂಡಿನ ಹಿಂದೆ ಓಡಿದ.
ಹಿಡಿದು ನಿಂತಳು, ಎರಡು ಗಂಟೆ.
ಬಿಲ್ಲೆ ಕೊಡಲಿಲ್ಲವಲ್ಲ ಎಂಬುದೊಂದೇ ಚಿಂತೆ.

ಪಾರ್ಲಮೆಂತೊ ಹೊಡೆದುಹಾಕಿದೆ.
ಪ್ರಮಾಣವಚನ ತೊಟ್ಟ ಅನುವಾದಕಿ ಹಾಗೆಲ್ಲ ಮಾಡಬಾರದು.
ರಾದಾ ಎಂದೇ ಬರೆದು ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿದೆ:
ಆ ದೇಶದ ಕಾನೂನು ಮಾಡುವ ಸಭೆ.
ಪಿಂಚಣಿ ಕಚೇರಿಯವರು ಸಣ್ಣಕ್ಷರ ಓದುವುದಿಲ್ಲ,
ಯಾವ ಬಂದರಿನಲ್ಲಿ ಕೆಲಸ ಮಾಡಿದ್ದು ಎಂದು ಕೇಳಿಯೇ ಕೇಳುತ್ತಾರೆ.
'ಏನನ್ನುತ್ತೀ?'
'ಹಿಮ ಬೀಳುವ ಬಂದರು ಅನ್ನುತ್ತೇನೆ.'

ಮೊಹರಿನ ಶಾಯಿ ಆರುವ ತನಕ ಕಾದಳು.
ಏಳುವಾಗ ಕುರ್ಚಿಯ ಮೇಲೆ ನಾನೆಸೆದಿದ್ದ ಕೋಟನ್ನೆತ್ತಿ
ಭುಜದ ಧೂಳು ಒಮ್ಮೆ ತಟ್ಟಿ
ಕೊರಳ ಕುಣಿಕೆ ಹುಡುಕಿ ಮೊಳೆಗೆ ತೂಗಿದಳು.
'ಯಾ ರಾದಾ' ಅಂದಳು ಬಾಗಿಲಲ್ಲಿ.
ನಿಘಂಟಿಗೆ ಕೈಹಾಕಿದೆ, ಅಷ್ಟರಲ್ಲಿ ನೆನಪಾಯಿತು:
ಅವಳ ಭಾಷೆಯಲ್ಲಿ ಹೆಂಗಸರು
ನನಗೆ ಸಂತೋಷ ಅನ್ನುವುದು ಹಾಗೆ.

ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.
ಯಾವ ಬಸ್ಸು ಎಂದು ನಾನು ಕೇಳಲಿಲ್ಲ.